ಅಪ್ಪನ ಪುಡಿಯನ್ನು ಪರೀಕ್ಷೆಗಿಟ್ಟ ಡಾಕ್ಟರು

ಔಷಧಿ ಕೊಡುವಾಗ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಮುಖ ಆ ಕಡೆ ತಿರುಗಿಸುತ್ತಿದ್ದ ಡಾಕ್ಟರನ್ನು ನನ್ನ ಜೀವನದಲ್ಲಿ ನಾನು ಕಂಡದ್ದು ಒಬ್ಬರನ್ನೇ. ಮಾನ್ವಿ ಊರಿನ ಮಂದಿ ಪಾಪ, ಡಾಕ್ಟರಿಗೆ ವರ್ಷಪೂರ್ತಿ ನೆಗಡಿ ಎಂದುಕೊಂಡಿದ್ದರು. ದೇವದುರ್ಗದ ಒಬ್ಬ ಅಜ್ಜಿ ಮಾತ್ರ ಅಷ್ಟಕ್ಕೆ ಬಿಡುವವಳಲ್ಲ. "ನಮ್ಮ ಮೈ ನಾತ ಬಡೀತದೇನ್ರಿ ಸಾಹೇಬ್ರ ನಿಮಗ?" ಎಂದವಳೇ ಪೊಟ್ಟಣವನ್ನು ಮೇಜಿನ ಮೇಲೆ ಬಿಟ್ಟು ಎದ್ದು ಹೋದಳು. ಡಾಕ್ಟರು ಆಕೆಯ ಬೆನ್ನು ಹತ್ತಿ ಮನೆತನಕ ಹೋಗಿ, ಕಟ್ಟೆಯ ಮೇಲೆ ಕೂತು, ಆಕೆ ಕೊಟ್ಟ ಚಹಾ ಕುಡಿದು, ಪೊಟ್ಟಣ ಕೈಗಿಟ್ಟು ಬಂದರು. ಚಹಾಕ್ಕೆ ಸಕ್ಕರೆ ಎಷ್ಟು ಹಾಕಿದ್ದಳು ಎಂದು ನಾನು ಕೇಳಿದರೆ, "ಅದೊಂದು ಕೇಳಬ್ಯಾಡ್ರಿ ಅಕ್ಕಾರ" ಎಂದು ನಕ್ಕರು.

ಕರವಸ್ತ್ರದ ಕಾರಣ ಗೊತ್ತಿದ್ದವಳು ನಾನೊಬ್ಬಳೇ. ಕೆಲವು ಪೊಟ್ಟಣಗಳಲ್ಲಿ ಅವರ ತಂದೆಯ ಕಾಲದ ಪುಡಿ ಇತ್ತು, ಉಳಿದವುಗಳಲ್ಲಿ ಬರೀ ಸುಟ್ಟ ಹಿಟ್ಟು. ಯಾವುದು ಯಾವುದೆಂದು ಕೊಡುವವರಿಗೇ ಗೊತ್ತಾಗಬಾರದಿತ್ತು. ಆ ಪುಡಿಯ ವಾಸನೆಯಲ್ಲೇ ಆಡಿ ಬೆಳೆದವರು ಅವರು; ಒಮ್ಮೆ ಮೂಗಿಗೆ ಬಡಿದರೆ ಸಾಕು, ತಿಳಿದುಬಿಡುತ್ತಿತ್ತು. ತಿಳಿದರೆ ಮುಖದ ಮೇಲೆ ಬರುತ್ತದೆ, ಮುಖ ನೋಡಿ ರೋಗಿಗೂ ಗೊತ್ತಾಗುತ್ತದೆ, ಅಲ್ಲಿಗೆ ಪರೀಕ್ಷೆ ಕೆಟ್ಟಿತು ಎನ್ನುವುದು ಅವರ ಹೆದರಿಕೆ.

ಅವರು ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಅರವತ್ತೂ ಆಗಿರಲಿಲ್ಲ, ಕೂತಲ್ಲೇ ಎದೆ ಹಿಡಿದುಕೊಂಡರಂತೆ. ಈಗ ಮಂದಿ ಅವರನ್ನು ಬಾಯಿ ತುಂಬ ಹೊಗಳುತ್ತಿದ್ದಾರೆ. ಆ ಹೊಗಳಿಕೆ ಕೇಳಿ ಕೇಳಿ ನನಗೆ ಸಂಕಟವಾಗುತ್ತದೆ, ಸಿಟ್ಟೂ ಬರುತ್ತದೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ ಮಾನ್ವಿಯ ಬಜಾರಿನಲ್ಲಿ ಅದನ್ನೂ ಯಾವುದಾದರೂ ಡಬ್ಬಿಯ ಮೇಲೆ ಅಂಟಿಸಿಯಾರು.

ನಾನು ರಾಯಚೂರಿನ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸಕ್ಕರೆ ಕಾಯಿಲೆ ಬಂದಾಗ ನಮ್ಮ ಓಣಿಯ ಕೊನೆಗಿದ್ದ ಅವರ ದವಾಖಾನೆಗೆ ಹೋದೆ. ಅವರಿಗೊಂದು ಚಾಳಿಯಿತ್ತು. ಯಾರ ಬೆರಳು ಚುಚ್ಚಬೇಕಾದರೂ ಮೊದಲು ಬೇರೆ ಸೂಜಿಯಿಂದ ತಮ್ಮ ಬೆರಳು ಚುಚ್ಚಿಕೊಂಡು, "ನೋಡ್ರಿ, ಇಷ್ಟ" ಎಂದು ತೋರಿಸಿ, ಆಮೇಲೆ ನಮ್ಮ ಬೆರಳು ಹಿಡಿಯುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ಬೆರಳ ತುದಿಗಳೆಲ್ಲ ಕೆಂಪು ಚುಕ್ಕಿ. ಇಡೀ ಊರಿನ ಶುಗರ್ ನಿಮ್ಮ ಬೆರಳಿಗೇ ಬಂದು ಕೂತಿದೆ ಎಂದು ನಾನು ಕಿಚಾಯಿಸುತ್ತಿದ್ದೆ. ಬೈಯುವುದು ಅವರಿಗೆ ಗೊತ್ತೇ ಇರಲಿಲ್ಲ. ಒಮ್ಮೆ ನನ್ನ ಶುಗರ್ ಏರಿತ್ತು. ಹಬ್ಬಕ್ಕೆ ಹೋಳಿಗೆ ತಿಂದೆ ಎಂದು ಒಪ್ಪಿಕೊಂಡೆ.

"ತುಪ್ಪ ಹಾಕ್ಕೊಂಡಿದ್ರೇನ್ರಿ?"

"ಹಾಕ್ಕೊಂಡಿದ್ದೆ."

"ಹಂಗಾದ್ರ ಚಲೋ ಇದ್ದಿರಬೇಕು ಬಿಡ್ರಿ" ಎಂದು ಒಂದು ಮಾತ್ರೆ ಹೆಚ್ಚಿಗೆ ಬರೆದರು. ಬೈದಿದ್ದರೆ ಮುಂದಿನ ಹಬ್ಬಕ್ಕೂ ತಿನ್ನುತ್ತಿದ್ದೆನೇನೋ. ಬೈಯದೆ ಬಿಟ್ಟದ್ದಕ್ಕೆ ನಾಚಿಕೆಯಾಗಿ ಬಿಟ್ಟೆ.

ಅವರದು ಮಾನ್ವಿಯ ಹಕೀಮರ ಮನೆತನ. ತಂದೆ ತಂಗಡಿ ಹೂವು, ನೇರಳೆ ಬೀಜ, ಮೆಂತ್ಯ, ಮಧುನಾಶಿನಿ ಎಲೆ, ಮತ್ತೆ ಮನೆಯವರಿಗಷ್ಟೇ ಗೊತ್ತಿರುವ ಏನೋ ಒಂದನ್ನು ಸೇರಿಸಿ ಸಕ್ಕರೆ ಕಾಯಿಲೆಗೆ ಪುಡಿ ಮಾಡುತ್ತಿದ್ದರು. ಕಾಲುವೆ ನೀರು ಬಂದು ಊರಿಗೆ ಊರೇ ಜೋಳ ಬಿಟ್ಟು ಮೂರು ಹೊತ್ತೂ ಅನ್ನ ಉಣ್ಣಲು ಶುರುಮಾಡಿದ ಮೇಲೆ ಆ ಪುಡಿಗೆ ಗಿರಾಕಿ ಹೆಚ್ಚಾದರು. ಹಕೀಮರು ಹೋದ ಮೇಲೆ ಡಾಕ್ಟರ ತಮ್ಮ ಅಂಗಡಿ ನಡೆಸುತ್ತಿದ್ದ. ಮಾಳಿಗೆಯ ಮೇಲೆ ಹೂವು ಒಣಗಿಸುವುದು, ಕುಟ್ಟುವುದು, ಜರಡಿ ಹಿಡಿಯುವುದು ಎಲ್ಲವನ್ನೂ ತಂದೆ ಮಾಡುತ್ತಿದ್ದಂತೆಯೇ ಮಾಡುತ್ತಿದ್ದ. ಆತ ಕೆಟ್ಟವನಲ್ಲ. ಈ ಕಥೆಯಲ್ಲಿ ಕೆಟ್ಟವರು ಯಾರಾದರೂ ಇದ್ದಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು.

ತಾಯಿ ಆ ತಮ್ಮನ ಮನೆಯಲ್ಲೇ ಇದ್ದರು. ಅವರಿಗೂ ಸಕ್ಕರೆ ಕಾಯಿಲೆ, ಅದೂ ಬಹಳ ಹಳೆಯದು. ಮಗನೇ ಡಾಕ್ಟರಾಗಿದ್ದೂ ಒಂದು ದಿನ ಮಾತ್ರೆ ನುಂಗಿದವರಲ್ಲ. ಗಂಡ ತನ್ನ ಕೈಯಿಂದ ಕೊಡುತ್ತಿದ್ದ ಪುಡಿಯನ್ನು, ಗಂಡ ಹೋದ ಮೇಲೂ ಬೆಳಿಗ್ಗೆ ನಮಾಜು ಮುಗಿಸಿ ಬೆಚ್ಚಗಿನ ನೀರಿನಲ್ಲಿ ತೆಗೆದುಕೊಳ್ಳುತ್ತಿದ್ದರು. ಪ್ರತಿ ಭಾನುವಾರ ಡಾಕ್ಟರು ಮಾನ್ವಿಯ ಬಸ್ಸು ಹತ್ತಿ ಹೋಗಿ, ಅವರ ಬೆರಳು ಚುಚ್ಚಿ, ಅಂಕಿ ನೋಡಿ, ಇನ್ಸುಲಿನ್ ತಗೋ ಅಮ್ಮಿ ಎಂದು ಗೋಗರೆದು, ಊಟ ಮಾಡಿ ವಾಪಸು ಬರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮನೆಯಲ್ಲಿ ದಖನಿ ಉರ್ದು ಆಡಿದರೂ ನನ್ನ ಮುಂದೆ ಆಕೆ ಕನ್ನಡದಲ್ಲೇ ಮಾತಾಡಿದರು.

"ನೋಡು ಬೇಟಿ, ಇವನು ತನ್ನ ಅಬ್ಬಾನ ಪುಡಿಯಿಂದ ಏನೂ ಆಗೂದಿಲ್ಲ ಅಂತಾನ. ನಿನಗ ಹೆಂಗ ಗೊತ್ತೋ ಅಂದ್ರ, ಯಾರೂ ಪರೀಕ್ಷಾ ಮಾಡಿಲ್ಲ ಅಂತಾನ. ಪರೀಕ್ಷಾ ಮಾಡದನ ಆಗೂದಿಲ್ಲ ಅಂತ ಹೆಂಗ ಹೇಳ್ತಾನ?"

ನಾನು ನಕ್ಕುಬಿಟ್ಟೆ. ಡಾಕ್ಟರಿಗೆ ನಗು ಬರಲಿಲ್ಲ. "ಹಂಗಾದ್ರ ಪರೀಕ್ಷಾ ಮಾಡ್ತೀನಿ ಅಮ್ಮಿ. ಆಗೂದಿಲ್ಲ ಅಂತ ಬಂದ್ರ ಸೂಜಿ ತಗೋತೀ?"

"ತಗೋತೀನಿ. ಆಗ್ತದ ಅಂತ ಬಂದ್ರ ನೀ ಬಾಯಿ ಮುಚ್ಕೊಂಡು ಇರಬೇಕು."

"ಅಲ್ಲೀತನಕ ಗುಳಗೀನೂ ತಗೋ, ಪುಡೀನೂ ತಗೋ."

"ಎರಡೂ ತಗೊಂಡ್ರ ಯಾವುದರಿಂದ ಇಳೀತು ಅಂತ ನಿನಗ ಹೆಂಗ ತಿಳೀತದೋ?" ಎಂದರು ತಾಯಿ.

ಬರುವಾಗ ಬಸ್ಸಿನಲ್ಲಿ ಡಾಕ್ಟರು, "ಅಮ್ಮಿ ನಿಮ್ಮ ಕಾಲೇಜಿನಾಗ ಇರಬೇಕಾಗಿತ್ತು" ಎಂದರು. ಹೆಮ್ಮೆಯಿತ್ತು ಆ ಮಾತಿನಲ್ಲಿ. ಆ ಹೆಮ್ಮೆಯೇ ಅವರನ್ನು ಕೆಡಿಸಿತು ಎಂದು ಈಗ ನನಗೆ ಅನಿಸುತ್ತದೆ. ಬೇರೆ ಯಾವ ಮಗನಾದರೂ ರೇಗಿ, ಅತ್ತು, ಊಟ ಬಿಟ್ಟು ಹಟ ಹಿಡಿದು ಸೂಜಿ ಚುಚ್ಚಿಸುತ್ತಿದ್ದ. ಇವರು ಲೆಕ್ಕ ಸರಿಯಿದೆ ಎಂದು ತಾಯಿಯ ಮಾತಿಗೆ ಒಪ್ಪಿದರು.

ಹೀಗೆ ಪರೀಕ್ಷೆ ಶುರುವಾಯಿತು. ಒಂದು ವೈದ್ಯಕೀಯ ಕಾಲೇಜಿನ ಸಮಿತಿಯ ಮುಂದೆ ನಿಂತು ಅನುಮತಿ ತಂದರು. ಮಾನ್ವಿಯಲ್ಲೂ ದೇವದುರ್ಗದಲ್ಲೂ ಸಕ್ಕರೆ ಕಾಯಿಲೆಯವರನ್ನು ಕಲೆಹಾಕಿದರು. ಅವರೆಲ್ಲ ತಮ್ಮ ಮಾತ್ರೆ ತಪ್ಪಿಸದೆ ನುಂಗಬೇಕು, ಅದರ ಮೇಲೆ ಅರ್ಧ ಮಂದಿಗೆ ಹಕೀಮರ ಪುಡಿ, ಅರ್ಧ ಮಂದಿಗೆ ಹುಸಿ ಪುಡಿ. ಒಂದು ವರ್ಷ ಬಿಟ್ಟು ಯಾರ ಸಕ್ಕರೆ ಹೆಚ್ಚು ಇಳಿದಿದೆ ನೋಡುವುದು. ಮೊದಲು ಕ್ಯಾಪ್ಸೂಲಿನಲ್ಲಿ ತುಂಬಿ ಕೊಡೋಣ, ರುಚಿ ವಾಸನೆಯ ಗೊಡವೆಯೇ ಇರುವುದಿಲ್ಲ ಎಂದುಕೊಂಡಿದ್ದರು. ಆದರೆ ಕ್ಯಾಪ್ಸೂಲಿನ ಹೊದಿಕೆ ಪ್ರಾಣಿಯ ಎಲುಬಿನಿಂದ ಮಾಡಿದ್ದೆಂದು ಯಾರೋ ಹೇಳಿದರು. ನಮ್ಮ ಲಿಂಗಾಯತ ಮಂದಿ ಕೈ ಮುಗಿದು ಒಲ್ಲೆವೆಂದರು. ಮುಸಲ್ಮಾನರು ಯಾವ ಪ್ರಾಣಿಯದೋ ಏನೋ ಎಂದು ಅವರೂ ಒಲ್ಲೆವೆಂದರು. ಮಾನ್ವಿಯಲ್ಲಿ ಎರಡೂ ಕಡೆಯವರು ಇಷ್ಟು ಬೇಗ ಒಮ್ಮತಕ್ಕೆ ಬಂದದ್ದನ್ನು ನಾನು ಬೇರೆ ಯಾವ ವಿಷಯಕ್ಕೂ ಕಂಡಿಲ್ಲ.

ಕೊನೆಗೆ ಪೊಟ್ಟಣವೇ ಗತಿಯಾಯಿತು. ಹುಸಿ ಪುಡಿಯೂ ಅಸಲಿಯಂತೆ ಕಂದಾಗಿರಬೇಕು, ಕಹಿಯಾಗಿರಬೇಕು. ಬೇವು ಬೆರೆಸೋಣವೆಂದರೆ ಅದೂ ಒಂದು ಔಷಧಿಯೇ ಎಂದು ಅವರು ಒಪ್ಪಲಿಲ್ಲ. ಕಲ್ಮಲದ ನನ್ನ ತಂಗಿಯ ಮನೆಯಿಂದ ಜೋಳ ತರಿಸಿ, ಬೀಸಿಸಿ, ನಮ್ಮ ಅಡುಗೆಮನೆಯಲ್ಲಿ ಕಮರು ಹಿಡಿಯುವತನಕ ಹುರಿದೆ. ಓಣಿಯವರು ಅಕ್ಕಾರ ಮನೆಯಲ್ಲಿ ದಿನಾ ಏನೋ ಸೀದುಹೋಗುತ್ತದೆ ಎಂದು ಆಡಿಕೊಂಡರು. ಪೊಟ್ಟಣ ಕಟ್ಟಿ ಗುರುತು ಹಾಕುವ ಕೆಲಸವೂ ನನ್ನದೇ. ಯಾವ ಗುರುತಿನಲ್ಲಿ ಏನಿದೆ ಎಂಬುದು ನನಗೆ ಗೊತ್ತು, ಯಾರ ರಕ್ತದಲ್ಲಿ ಏನಾಗುತ್ತಿದೆ ಎಂಬುದು ಡಾಕ್ಟರಿಗೆ ಗೊತ್ತು. ಎರಡನ್ನೂ ಕೂಡಿಸಿ ನೋಡುವುದು ವರ್ಷ ಮುಗಿದ ಮೇಲೆ ಎಂದು ಮಾತಾಯಿತು.

ಆ ವರ್ಷದಲ್ಲಿ ನಾನು ಅವರನ್ನು ಸರಿಯಾಗಿ ಕಂಡೆ. ಬಿಸಿಲೆಂದರೆ ರಾಯಚೂರಿನ ಬಿಸಿಲು, ಅದರಲ್ಲಿ ಗುರುವಾರ ದೇವದುರ್ಗ, ಭಾನುವಾರ ಮಾನ್ವಿ. ಹೆಗಲಿಗೆ ಒಂದು ಚೀಲ, ಕೊರಳಲ್ಲಿ ಇಳಿಬಿದ್ದ ಕರವಸ್ತ್ರ. ಬಸ್ಸಿನಲ್ಲಿ ಸೀಟು ಸಿಕ್ಕರೆ ಯಾವುದಾದರೂ ಮುದುಕನನ್ನು ಹುಡುಕಿ ಕೂಡಿಸುತ್ತಿದ್ದರು. ದೇವದುರ್ಗದಲ್ಲಿ ಒಬ್ಬ ದರ್ಜಿ ಇದ್ದ, ಮಾತಿನಮಲ್ಲ. ಹೊಲಿಗೆ ಮಷೀನು ತುಳಿಯುತ್ತಲೇ ಬೆರಳು ಮುಂದೆ ಚಾಚುತ್ತಿದ್ದ.

"ಖರೇ ಹೇಳ್ರಿ ಸಾಹೇಬ್ರ, ನನಗ ಅಸಲಿ ಬಂದದೋ ನಕಲಿ ಬಂದದೋ?"

"ನನಗೂ ಗೊತ್ತಿಲ್ಲಪ್ಪ."

"ನಿಮಗ ಗೊತ್ತಿಲ್ಲ ಅಂದ್ರ ಯಾರು ನಂಬ್ತಾರ್ರಿ? ನಮಗ ನಕಲಿ ಕೊಡೂವಷ್ಟು ಕಠಿಣ ಮನಸು ನಿಮಗೆಲ್ಲಿಂದ ಬರಬೇಕು?" ಎಂದು ತನ್ನ ಹೆಂಡತಿಯ ಕಡೆ ತಿರುಗಿ ಕಣ್ಣು ಹೊಡೆಯುತ್ತಿದ್ದ. ಗುಂಡಿ ಹಚ್ಚುತ್ತ ಕೂತಿರುತ್ತಿದ್ದ ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಮಂದಿ ಅವರನ್ನು ಪ್ರೀತಿಸುತ್ತಿದ್ದರು. ಡಾಕ್ಟರು ಬರುವ ದಿನ ಹತ್ತಿರ ಬಂತೆಂದರೆ ಅನ್ನ ಬಿಟ್ಟು ರೊಟ್ಟಿ ಉಣ್ಣುತ್ತಿದ್ದರು, ಹೊಲದ ಕಡೆ ಒಂದು ಸುತ್ತು ನಡೆದು ಬರುತ್ತಿದ್ದರು. ತಮ್ಮ ರಕ್ತದಲ್ಲಿ ಸಕ್ಕರೆ ಹೆಚ್ಚು ಬಂದರೆ ಅವರ ಮುಖ ಬಾಡುತ್ತದೆಂದು ಅವರಿಗೆ ಸಂಕಟ. ಮೂರು ತಿಂಗಳ ಸಕ್ಕರೆಯ ಗುರುತು ರಕ್ತದಲ್ಲಿ ಉಳಿದಿರುತ್ತದೆ, ಒಂದು ದಿನ ಉಪವಾಸ ಮಾಡಿ ನನ್ನನ್ನು ಮೆಚ್ಚಿಸಬೇಡಿ ಎಂದು ಅವರು ಹೇಳಿದರೆ, ಸರಿಯೆಂದು ಮೂರು ತಿಂಗಳೂ ರೊಟ್ಟಿ ಉಂಡವರಿದ್ದರು.

ವರ್ಷ ಅರ್ಧಕ್ಕೆ ಬಂದಿತ್ತು. ತಾಯಿಯ ಕಾಲಿನ ಹೆಬ್ಬೆರಳಿನಲ್ಲಿ ಗಾಯವಾಯಿತು. ಚಪ್ಪಲಿ ಕಚ್ಚಿದ್ದು ಎಂದರು. ಆರಲಿಲ್ಲ. ಗಾಯಕ್ಕೆ ಮದ್ದು ಹಚ್ಚಲು ಪಟ್ಟಿ ಕಟ್ಟಲು ಆಕೆಯ ತಕರಾರಿರಲಿಲ್ಲ, ಸಕ್ಕರೆಗೆ ಮಾತ್ರ ಪುಡಿಯೇ ಆಗಬೇಕು, ಮಾತು ಮಾತೇ. ಡಾಕ್ಟರು ಮಾನ್ವಿಯಿಂದ ಬಂದವರು ನೇರ ನಮ್ಮ ಮನೆಗೆ ಬಂದು ಕೂತರು. ಚಹಾ ತಣ್ಣಗಾಯಿತು. ಪೊಟ್ಟಣದ ಗುಟ್ಟು ಕೇಳಲು ಬಂದಿದ್ದಾರೆ, ಕೇಳಲಾರದೆ ಕೂತಿದ್ದಾರೆ ಎಂದು ನನಗೆ ತಿಳಿಯಿತು.

"ಹೇಳಿಬಿಡಲೇನ್ರಿ?" ಎಂದೆ.

"ಬ್ಯಾಡ್ರಿ. ನಡುವ ತಗದು ನೋಡಿದ್ರ ಅದು ಪರೀಕ್ಷಾ ಅಲ್ಲ."

"ಹಂಗಾದ್ರ ತಾಯಿ ಮುಂದ ಒಂದು ಸುಳ್ಳು ಹೇಳ್ರಿ. ಪುಡಿ ಸೋತದ ಅಂತ ಹೇಳಿ ಸೂಜಿ ಚುಚ್ರಿ. ಯಾರು ಕೇಳ್ತಾರ ನಿಮ್ಮನ್ನ?"

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಅಕಿಗೆ ನಾ ಸುಳ್ಳು ಹೇಳೂದಿಲ್ಲ ಅನ್ನೋದು ಒಂದ ಗೊತ್ತಿರೋದು ಅಕ್ಕಾರ. ಅದನ್ನ ಮುರಿದು ಸೂಜಿ ಚುಚ್ಚಲೇನು?" ಕೊರಳಿನ ಕರವಸ್ತ್ರ ಮಡಚುತ್ತ, "ಮತ್ತ... ಖರೇನ ಪುಡಿಯಾಗ ಏನರೆ ಇದ್ದರ?" ಎಂದರು.

ಆಗ ನನಗೆ ಅರ್ಥವಾಯಿತು. ಈ ಮನುಷ್ಯ ತಂದೆಯನ್ನು ಸೋಲಿಸಲು ಹೊರಟವರಲ್ಲ. ಗೆದ್ದರೆ ತಂದೆಯೇ ಗೆಲ್ಲಲಿ ಎಂದು ಒಳಗೊಳಗೆ ಆಸೆ ಇಟ್ಟುಕೊಂಡೇ ಆ ಬಿಸಿಲಿನಲ್ಲಿ ಅಲೆಯುತ್ತಿದ್ದರು. ಹಕೀಮರು ಗೆದ್ದಿದ್ದರೆ ತಾಯಿಯೂ ಉಳಿಯುತ್ತಿದ್ದರು, ತಂದೆಯ ಮರ್ಯಾದೆಯೂ ಉಳಿಯುತ್ತಿತ್ತು. ನಾನು ತಣ್ಣಗಾದ ಚಹಾ ಒಳಗೆ ಒಯ್ದು ಬಿಸಿ ಮಾಡಿ ತಂದೆ.

ವರ್ಷ ಮುಗಿದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಕೂತೆವು. ಅವರು ಒಬ್ಬೊಬ್ಬರದೂ ಹೇಳಿದರು, ನಾನು ಎರಡು ಪಾಲು ಮಾಡಿ ಲೆಕ್ಕ ಹಾಕಿದೆ. ಹಕೀಮರ ಪುಡಿ ತೆಗೆದುಕೊಂಡವರ ಸಕ್ಕರೆ ಒಂದಿಷ್ಟು ಇಳಿದಿತ್ತು. ನನ್ನ ಸೀದ ಹಿಟ್ಟು ತೆಗೆದುಕೊಂಡವರದೂ ಅಷ್ಟೇ ಇಳಿದಿತ್ತು. ಬೇರೆ ಬೇರೆ ರೀತಿಯಲ್ಲಿ ಹಾಕಿ ನೋಡಿದೆ. ಎಲ್ಲಿ ಹುಡುಕಿದರೂ ಹಕೀಮರು ಸಿಗಲಿಲ್ಲ. ಇಳಿಸಿದ್ದು ಪುಡಿಯಲ್ಲ, ಡಾಕ್ಟರು ಬರುತ್ತಾರೆಂದು ಬಿಟ್ಟ ಅನ್ನ, ಅವರು ಕೇಳುತ್ತಾರೆಂದು ತಪ್ಪದೆ ನುಂಗಿದ ಮಾತ್ರೆ.

"ನಿಮ್ಮ ಅಡಗಿಮನಿ ಪುಡೀನೂ ಅಷ್ಟ ಚಲೋ ಆತಲ್ರಿ ಅಕ್ಕಾರ" ಎಂದು ಡಾಕ್ಟರು ನಕ್ಕರು. ನಗುತ್ತಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಅಬ್ಬಾ ಯಾರಿಗೂ ಮೋಸ ಮಾಡಿಲ್ಲ. ಅವರಿಗೆ ಗೊತ್ತಿರಲಿಲ್ಲ, ಅಷ್ಟ. ಅವರಿಗೆ ಗೊತ್ತಿರಲಿಲ್ಲ."

ಯಾರು ಮೋಸ ಅಂದರು ಎಂದು ನಾನು ಸಮಾಧಾನ ಹೇಳಿದೆ. ಅವರಿಗೆ ಕೇಳಿಸಲಿಲ್ಲ.

ಪರೀಕ್ಷೆಗೆ ಬಂದವರಿಗೆಲ್ಲ ಫಲ ತಿಳಿಸುವುದು ತಮ್ಮ ಧರ್ಮ ಎಂದು ಮುಂದಿನ ಭಾನುವಾರವೇ ಮಾನ್ವಿಯ ಒಂದು ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದರು. ದೇವದುರ್ಗದವರೂ ಬಂದಿದ್ದರು, ದರ್ಜಿ ಮತ್ತವನ ಹೆಂಡತಿ ಮುಂದಿನ ಸಾಲಿನಲ್ಲೇ. ಡಾಕ್ಟರು ಎದ್ದು ನಿಂತರು. ಭಾಷಣ ಬಾರದ ಮನುಷ್ಯ, ಒಂದೇ ಉಸಿರಿನಲ್ಲಿ ಹೇಳಿದರು: "ನಮ್ಮ ತಂದಿಯವರ ಪುಡಿಯಿಂದ ಸಕ್ಕರಿ ಬ್ಯಾನಿ ಇಳಿಯೂದಿಲ್ಲ. ನೋಡೀವಿ. ಅದನ್ನ ನಂಬಿ ಯಾರೂ ಗುಳಗಿ ಬಿಡಬ್ಯಾಡ್ರಿ, ಸೂಜಿ ಬಿಡಬ್ಯಾಡ್ರಿ. ಆ ಪುಡಿಯಿಂದ ಏನೂ ಆಗೂದಿಲ್ಲ."

ಗದ್ದಲವಾಗುತ್ತದೆ, ಯಾರಾದರೂ ಜಗಳಕ್ಕೆ ಬರುತ್ತಾರೆ ಎಂದು ನಾನು ಹೆದರಿದ್ದೆ. ಅಂಥದೇನೂ ಆಗಲಿಲ್ಲ. ಎಲ್ಲರೂ ತಲೆದೂಗಿದರು. ಒಬ್ಬ ಹಿರಿಯರು, ದೊಡ್ಡ ರುಮಾಲಿನವರು, ಎದ್ದು ಕೈ ಮುಗಿದರು.

"ಹಕೀಮ್ ಸಾಹೇಬ್ರೂ ಹಿಂಗ ಅಂತಿದ್ರು ನೋಡ್ರಿ. ಪುಡಿ ಕೈಗೆ ಕೊಟ್ಟು, ನನ್ನ ಪುಡಿಯಿಂದ ಏನಾಗ್ತದೋ ತಮ್ಮಾ, ಗುಣ ಮಾಡಾಂವ ಮ್ಯಾಲಿದ್ದಾನ ಅಂತಿದ್ರು. ಒಂದು ದಿನ ನಂದು ಅನ್ನಲಿಲ್ಲ ಆ ಪುಣ್ಯಾತ್ಮ. ಮಗನೂ ಹಂಗ ಅದಾನ. ಎಷ್ಟು ಓದಿದ್ರೂ ಮನೆತನದ ಗುಣ ಎಲ್ಲಿ ಹೋಗ್ತದ?"

ಡಾಕ್ಟರು ಗಾಬರಿಯಾದರು. "ಹಂಗಲ್ರಿ ಕಾಕಾ, ನಾ ಖರೇನ ಹೇಳಾಕತ್ತೀನಿ. ಲೆಕ್ಕ ಹಾಕೀವಿ. ಅಕ್ಕಾರ ಇಲ್ಲೇ ಅದಾರ, ಕೇಳ್ರಿ."

"ಹೌದಪ್ಪಾ ಹೌದು" ಎಂದು ಹಿರಿಯರು ಅವರ ಬೆನ್ನು ಸವರಿದರು. ನಮ್ಮ ಕಡೆ ಗುಣ ಮಾಡುವವರು ಯಾರೂ ನನ್ನಿಂದ ಗುಣವಾಯಿತು ಎನ್ನುವುದಿಲ್ಲ. ಹಾಗೆಂದವನ ಕೈಗುಣ ಹೋಗುತ್ತದೆ ಎನ್ನುತ್ತಾರೆ. ಇದು ನಾನು ಹುಟ್ಟಿದಾಗಿನಿಂದ ನೋಡಿದ ರೂಢಿ. ಆದರೂ ಆ ಅಂಗಳದಲ್ಲಿ ಅದು ನಮಗೆ ಅಡ್ಡ ಬಂದೀತೆಂದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ. ಡಾಕ್ಟರು ಎಷ್ಟು ಒತ್ತಿ ಹೇಳಿದರೋ ಅಷ್ಟೂ ಅವರ ವಿನಯ ದೊಡ್ಡದಾಯಿತು. ನಾನು ಎದ್ದು ಲೆಕ್ಕ ವಿವರಿಸಿದೆ, ಹುಸಿ ಪುಡಿ ಹುರಿದದ್ದನ್ನೂ ಹೇಳಿದೆ. ನನ್ನದನ್ನು ಕೇಳಿ ಹೆಂಗಸರು ನಕ್ಕರು, ಅಷ್ಟೇ. ಸಂಜೆ ನಾವು ಅವರ ಮನೆಗೆ ಹೋಗುವಾಗ ಬಹಳ ಮಂದಿ ಹಕೀಮರ ಅಂಗಡಿಯ ಮುಂದೆ ನಿಂತಿದ್ದರು. ಡಾಕ್ಟರ ತಮ್ಮ ಅಳುಮುಖ ಮಾಡಿಕೊಂಡು, "ಅಣ್ಣಾ, ನಾ ಯಾರನ್ನೂ ಕರದಿಲ್ಲ. ತಾವ ಬರಾಕತ್ತಾರ. ಡಾಕ್ಟರ್ ಸಾಹೇಬ್ರು ವರ್ಷಗಟ್ಟಲೆ ಪರೀಕ್ಷಾ ಮಾಡಿದ ಪುಡಿ ಕೊಡು ಅಂತಾರ. ಇಲ್ಲ ಅಂದ್ರ ನನಗ ಬೈತಾರ" ಎಂದ.

ಫಲವನ್ನು ನಿಜವಾಗಿ ಕೇಳಿಸಿಕೊಂಡವರು ಒಬ್ಬರೇ. ಅಂದು ರಾತ್ರಿ ಮಗ ಹೇಳಿದ್ದನ್ನೆಲ್ಲ ತಾಯಿ ಮಂಚದ ಮೇಲೆ ಕೂತು ಕೇಳಿದರು. ಕೊನೆಗೆ, "ನಿಮ್ಮ ಅಬ್ಬಾ ಇದ್ದಿದ್ರ ಅವರಿಗೂ ಹೇಳ್ತಿದ್ದೇನು?" ಎಂದರು. ಹೇಳುತ್ತಿದ್ದೆ ಎಂದರು ಡಾಕ್ಟರು. "ಹಂಗಾದ್ರ ಸರಿ. ಸೂಜಿ ತಾ" ಎಂದು ಹೊಟ್ಟೆಯ ಮೇಲಿನ ಸೀರೆ ಸರಿಸಿದರು. ಡಾಕ್ಟರು ಮೊದಲ ಸಲ ತಮ್ಮನ್ನು ಚುಚ್ಚಿಕೊಂಡು ತೋರಿಸದೆ ಒಬ್ಬರಿಗೆ ಸೂಜಿ ಚುಚ್ಚಿದರು.

ಆದರೆ ಹೊತ್ತು ಮೀರಿತ್ತು. ಹೆಬ್ಬೆರಳಿನ ಕಪ್ಪು ಪಾದಕ್ಕೆ ಏರಿತ್ತು, ಮೂತ್ರಪಿಂಡವೂ ಸೋತಿತ್ತು. ರಾಯಚೂರಿಗೆ ತಂದು ದೊಡ್ಡ ಆಸ್ಪತ್ರೆಯಲ್ಲಿ ಕಾಲು ತೆಗೆಸಿದರು. ನಂಜು ರಕ್ತಕ್ಕೆ ಇಳಿಯಿತು. ಸೂಜಿ ಹಿಡಿದು ಕೆಲವೇ ವಾರ, ತಾಯಿ ಹೋದರು. ಆ ವರ್ಷದ ಶುರುವಿನಲ್ಲೇ ಇನ್ಸುಲಿನ್ ಹಿಡಿದಿದ್ದರೆ ಇನ್ನೂ ಇರುತ್ತಿದ್ದರು. ಇದನ್ನು ನಾನು ಹೇಳುತ್ತಿಲ್ಲ, ಡಾಕ್ಟರೇ ಹೇಳಿದ್ದು. ಪರೀಕ್ಷೆ ಒಂದು ವರ್ಷ ತೆಗೆದುಕೊಂಡಿತು, ಅಮ್ಮಿ ಹತ್ತಿರ ಇದ್ದದ್ದೇ ಆ ಒಂದು ವರ್ಷ ಎಂದರು.

ಮಾತಾಡಿಸಲು ನಾನು ಮಾನ್ವಿಗೆ ಹೋದಾಗ ಒಳಮನೆಯಲ್ಲಿ ಹೆಂಗಸರು ಕೂತಿದ್ದರು. ಓಣಿಯ ಎಲ್ಲ ಜಾತಿಯ ಹೆಂಗಸರೂ ಇದ್ದರು. ಯಾರೋ ಮೆಲ್ಲಗೆ ಅಂದರು: "ಇಷ್ಟು ವರ್ಷ ಗಂಡನ ಪುಡಿ ಮ್ಯಾಲ ಗಟ್ಟಿ ಇದ್ಲವ್ವಾ. ಸೂಜಿ ಹಾಕಿದ್ರು, ಹೋದ್ಲು." ಉಳಿದವರು ನಿಟ್ಟುಸಿರು ಬಿಟ್ಟರು. ಬಾಗಿಲಿನಲ್ಲಿ ನಿಂತಿದ್ದ ಡಾಕ್ಟರು ಅದನ್ನು ಕೇಳಿದರು. ನಾನು ಅವರ ಮುಖ ನೋಡಲಾರದೆ ನೆಲ ನೋಡಿದೆ.

ಆ ಮಾತು ಊರು ದಾಟಲು ತಡವಾಗಲಿಲ್ಲ. ಡಾಕ್ಟರ ಮೂಗಿನ ಕರವಸ್ತ್ರ, ಒಂದು ವರ್ಷದ ಬಿಸಿಲು, ನನ್ನ ಲೆಕ್ಕ, ಇವೆಲ್ಲ ಯಾರಿಗೂ ನೆನಪಿರಲಿಲ್ಲ. ಡಾಕ್ಟರು ಹೆತ್ತ ತಾಯಿಗೆ ಸೂಜಿ ಹಾಕಿದರು, ತಾಯಿ ಸತ್ತಳು ಎಂಬುದು ಎಲ್ಲರಿಗೂ ನೆನಪಿತ್ತು. ಸೂಜಿ ಹಿಡಿದಿದ್ದವರು ಬಿಟ್ಟರು. ಹಿಡಿಯಬೇಕಾದವರು ಒಲ್ಲೆವೆಂದರು. ಸುಳ್ಳು ಹರಡಿದ್ದರೆ ಬಡಿದಾಡಬಹುದಿತ್ತು. ಮಂದಿ ಹೇಳುತ್ತಿದ್ದುದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಅದೇ ಬೇಸಿಗೆಯಲ್ಲಿ ದರ್ಜಿಯ ಕಾಲಿಗೆ ಹುಣ್ಣಾಯಿತು. ಮಷೀನು ತುಳಿದು ತುಳಿದು ಹಿಮ್ಮಡಿ ಒಡೆದದ್ದು ಮಾಯುತ್ತಿರಲಿಲ್ಲ. ಡಾಕ್ಟರ ಜೊತೆ ಅಂದು ನಾನೂ ಹೋಗಿದ್ದೆ. ಬೆರಳು ಚುಚ್ಚಿ ನೋಡಿದರು. ಮಾತ್ರೆಯಿಂದ ಆಗುವುದಿಲ್ಲ, ಇವತ್ತೇ ಇನ್ಸುಲಿನ್ ಶುರುಮಾಡಬೇಕು ಎಂದರು. ದರ್ಜಿ ಮಷೀನು ತುಳಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡಿದ. ಆಕೆ ಡಾಕ್ಟರ ಕಾಲ ಬಳಿ ಕೂತಳು.

"ಬ್ಯಾಡ್ರಿ ಸಾಹೇಬ್ರ. ನಿಮ್ಮ ತಾಯಿಗೆ ಆದದ್ದು ನಮ್ಮ ಮನಿಯವರಿಗೆ ಆಗೂದು ಬ್ಯಾಡ್ರಿ."

ಈಗ ಬಾಯಿ ಬಿಡುತ್ತಾರೆ, ತಾಯಿ ಹೋದದ್ದು ಸೂಜಿಯಿಂದಲ್ಲ, ತಡವಾದದ್ದರಿಂದ ಎಂದು ಈಗ ಹೇಳುತ್ತಾರೆ ಎಂದು ನಾನು ಕಾದೆ. ಅವರು ಚೀಲದಿಂದ ಮಾತ್ರೆ ತೆಗೆದು, ಗಾಯಕ್ಕೆ ಪಟ್ಟಿ ಕಟ್ಟಿ, "ಇವು ತಪ್ಪಸಬ್ಯಾಡವ್ವಾ" ಎಂದಷ್ಟೇ ಹೇಳಿ ಹೊರಗೆ ಬಂದರು. ನನಗೆ ತಡೆಯಲಾಗಲಿಲ್ಲ. ಬಸ್ ನಿಲ್ದಾಣದಲ್ಲಿ ಜಗಳಕ್ಕೇ ನಿಂತೆ. ಯಾಕೆ ಒತ್ತಾಯ ಮಾಡಲಿಲ್ಲ? ಗದರಿಸಿ ಚುಚ್ಚಬೇಕಿತ್ತು!

"ಏನಂತ ಗದರಿಸಲ್ರಿ?" ಎಂದರು. "ಪುಡಿ ತಿಂದಾಗ ಇದ್ಲು, ಸೂಜಿ ತಗೊಂಡ ಮ್ಯಾಲ ಹೋದ್ಲು. ಕಣ್ಣಾರೆ ನೋಡ್ಯಾರ. ನಮ್ಮ ಲೆಕ್ಕದಾಗ ಇರೋ ಮಂದಿ ಯಾರಂತ ಅವರಿಗೆ ಗೊತ್ತಿಲ್ಲ. ಅಮ್ಮಿ ಯಾರಂತ ಗೊತ್ತದ."

"ಅದು ಒಬ್ಬರ ಮಾತು ಡಾಕ್ಟರೇ. ಒಬ್ಬರಿಂದ ಏನೂ ಸಿದ್ಧ ಆಗೂದಿಲ್ಲ."

"ನನಗ ಹೇಳ್ರಿ, ನಾ ನಂಬ್ತೀನಿ" ಎಂದು ಅವರು ಬಸ್ಸು ಬರುವ ದಿಕ್ಕಿಗೆ ಮುಖ ಮಾಡಿದರು.

ಅಂದಿನಿಂದ ಅವರು ಯಾರಿಗೂ ಒತ್ತಾಯ ಮಾಡಿದ್ದನ್ನು ನಾನು ಕಾಣಲಿಲ್ಲ. ಕೇಳಿದವರಿಗೆ ಕೊಟ್ಟರು, ಒಲ್ಲದವರಿಗೆ ಬಿಟ್ಟರು. ಪುಡಿಯ ವಿಷಯ ಯಾರು ಎತ್ತಿದರೂ ಮುಂದಿನ ರೋಗಿಯನ್ನು ಕರೆಯುತ್ತಿದ್ದರು. ಮೊದಲಿನ ಹಾಗೆ ಗುರುವಾರ ದೇವದುರ್ಗಕ್ಕೆ ಹೋಗುತ್ತಿದ್ದರು, ಬೆರಳು ಚುಚ್ಚುತ್ತಿದ್ದರು, ಬರುತ್ತಿದ್ದರು. ದರ್ಜಿಯ ಕಾಲು ಹೋಯಿತು, ಆಮೇಲೆ ದರ್ಜಿಯೂ ಹೋದ. ಅವನ ಮಣ್ಣಿಗೆ ಹೋಗಿ ಬಂದ ದಿನ ಡಾಕ್ಟರು ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀರು ಕೇಳಿ ಕುಡಿದರು, ಎದ್ದುಹೋದರು.

ಡಾಕ್ಟರು ತೀರಿಕೊಂಡ ಮೇಲೆ ಅವರ ರಾಯಚೂರಿನ ಮನೆಗೆ ಮಂದಿ ಬರುತ್ತಲೇ ಇದ್ದರು. ಮೂರನೆಯ ದಿನ ದರ್ಜಿಯ ಹೆಂಡತಿ ದೇವದುರ್ಗದಿಂದ ಬಸ್ಸಿನಲ್ಲಿ ಬಂದಳು. ಒಳಗೆ ಹೋಗಿ ಡಾಕ್ಟರ ಹೆಂಡತಿಯನ್ನು ಮಾತಾಡಿಸಿ, ಹೊರಗೆ ಬಂದು ನನ್ನ ಪಕ್ಕ ಕೂತಳು. ಬಹಳ ಸೊರಗಿದ್ದಳು. ನನ್ನ ಕೈ ಹಿಡಿದುಕೊಂಡು ಅತ್ತಳು.

"ಬ್ಯಾರೆ ಡಾಕ್ಟರಾಗಿದ್ರ ಬೈದು, ಹೆದರಿಸಿ, ಸೂಜಿ ಚುಚ್ಚೇ ಬಿಡ್ತಿದ್ರು ಅಕ್ಕಾರ. ಇವರು ನನ್ನ ಮಾತಿಗೆ ಬೆಲಿ ಕೊಟ್ರು. ನಮ್ಮ ಮನಿಯವರು ಸೂಜಿ ಇಲ್ಲದಂಗ ಹೋದ್ರು. ಅಂಥಾ ದೇವರಂಥ ಮನುಷ್ಯ ಇನ್ನ ಹುಟ್ಟೂದಿಲ್ಲ, ಹೌದಲ್ರಿ?"

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೌದವ್ವಾ" ಎಂದೆ.